ಡ್ರಮ್ಮು ಎಡವುವ ಜಾಗ

ಭಾನುವಾರ ಊಟವಾದ ಮೇಲೆ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುವುದು ನನ್ನ ಹಳೆಯ ಅಭ್ಯಾಸ. ಪಾತ್ರೆ ತೊಳೆದು ಬೋರಲು ಹಾಕಿ, ಅಡುಗೆಮನೆ ಒರೆಸಿ, ಹಳೆಯ ಬನಿಯನ್ನಿನ ತುಂಡೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತೇನೆ. ಮಷಿನ್ನಿನ ಮೈಮೇಲಿನ ತೂತುಗಳಿಗೆಲ್ಲ ಒಂದೊಂದು ಹನಿ ಬಿಟ್ಟು, ಚಕ್ರ ತಿರುಗಿಸಿ, ಹೊರಗೆ ಬಂದ ಎಣ್ಣೆಯನ್ನು ಒರೆಸುವುದು. ಈ ಸಲ ಅಂಗಡಿಯವನು, ಯಾವಾಗಲೂ ಕೊಡುವ ಎಣ್ಣೆ ಖಾಲಿಯಾಗಿದೆಯೆಂದು ಬೇರೆಯದೊಂದು ಬಾಟಲಿ ಕೊಟ್ಟಿದ್ದ. ಮುಚ್ಚಳ ತೆಗೆದೆ. ಸ್ವಲ್ಪ ಸೀಮೆಎಣ್ಣೆಯ ವಾಸನೆ, ಸ್ವಲ್ಪ ತುಕ್ಕಿನದು, ಅದರ ಹಿಂದೆ ಇನ್ನೂ ಏನೋ ಒಂದು… ನನಗಿಂತ ಮೊದಲು ನನ್ನ ಕೈಗೆ ಅದರ ಗುರುತು ಸಿಕ್ಕಿತು. ಎಡಗೈ ತಾನಾಗಿ ಬಾಗಿ, ನಾಲ್ಕು ಬೆರಳು ಸಾಲಾಗಿ ತೊಡೆಯ ಮೇಲೆ ಕೂತವು. ಎ ಎಸ್ ಡಿ ಎಫ್.

ನಮ್ಮ ಟೈಪಿಂಗ್ ಸರ್ ಇದೇ ವಾಸನೆಯ ಎಣ್ಣೆ ಹಾಕುತ್ತಿದ್ದರು.

ಬಳ್ಳಾರಿಯ ಪಾರ್ವತಿನಗರದಲ್ಲಿ ನಮ್ಮ ಮನೆಯಿಂದ ಎರಡು ತಿರುವು ದಾಟಿದರೆ ಒಂದು ಹಿಟ್ಟಿನ ಗಿರಣಿ ಇತ್ತು. ಅದರ ಮೇಲಿನ ಉದ್ದನೆಯ ಕೋಣೆಯೇ ಸರ್ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್. ಪಿಯುಸಿ ಮುಗಿದ ಹುಡುಗಿಯರನ್ನು ಮನೆಯಲ್ಲಿ ಸುಮ್ಮನೆ ಕೂರಿಸಬಾರದೆಂದು ಟೈಪಿಂಗಿಗೆ ಹಾಕುವ ಕಾಲ ಅದು. ನಮ್ಮಪ್ಪ ಗುಮಾಸ್ತರು, ಟೈಪಿಂಗ್ ಬಂದರೆ ಎಲ್ಲಿ ಹೋದರೂ ಅನ್ನ ಹುಟ್ಟುತ್ತದೆ ಎಂಬುದು ಅವರ ನಂಬಿಕೆ. ಮೆಟ್ಟಿಲ ಮೇಲೆಲ್ಲ ಜೋಳದ ಹಿಟ್ಟಿನ ಪುಡಿ ಕೂತಿರುತ್ತಿತ್ತು. ಚಪ್ಪಲಿಯ ಬಿಳಿ ಗುರುತು ಮಾಡುತ್ತಾ ಹತ್ತಿ ಹೋದರೆ ಮೇಲೆ ಮಸಿ ರಿಬ್ಬನ್ನಿನ ವಾಸನೆ, ಈ ಎಣ್ಣೆಯ ವಾಸನೆ. ಗಿರಣಿ ಶುರುವಾದರೆ ಮೇಲಿನ ಬೆಂಚುಗಳೂ ಸಣ್ಣಗೆ ನಡುಗುತ್ತಿದ್ದವು.

ಬೇರೆ ಕಡೆ ಟೈಪಿಂಗ್ ಕಲಿಸುವವರು ಸ್ಕೇಲಿನಿಂದ ಮೇಜು ತಟ್ಟಿ ಬೆರಳಿಗೆ ತಾಳ ಕೂರಿಸುತ್ತಿದ್ದರು. ನಮ್ಮ ಸರ್ ಟೇಪ್ ರೆಕಾರ್ಡರ್ ಹಾಕುತ್ತಿದ್ದರು. ಹಾಕುತ್ತಿದ್ದದ್ದು ಇಂಗ್ಲಿಷ್ ರಾಕ್ ಸಂಗೀತ. ಹೊಸಬರಿಗೆ ನಿಧಾನದ ಹಾಡು, ಜೂನಿಯರ್ ಪರೀಕ್ಷೆಯವರಿಗೆ ನಡಿಗೆಯ ಹಾಡು, ಸೀನಿಯರಿಗೆ ಓಟದ ಹಾಡು. "ಹಾಡು ಕೇಳಬ್ಯಾಡ್ರಿ, ಡ್ರಮ್ ಕೇಳ್ರಿ. ಒಂದು ಏಟಿಗೆ ಒಂದು ಅಕ್ಷರ" ಎನ್ನುತ್ತಾ ಬೆಂಚಿನ ಸಾಲುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ಓಡಾಡುವರು. ಪರೀಕ್ಷೆಗೆ ಬರುವ ಮೇಲ್ವಿಚಾರಕರಿಗೆ ನಮ್ಮ ಇನ್‌ಸ್ಟಿಟ್ಯೂಟಿನವರು ಯಾರೆಂದು ಕೇಳಬೇಕಾಗಿಯೇ ಇರಲಿಲ್ಲವಂತೆ. ತಲೆ ಆಡಿಸುತ್ತಾ ಟೈಪ್ ಮಾಡುವವರೆಲ್ಲ ನಾವೇ.

ಸರ್ ಸಿರಿಗೇರಿಯವರು. ಮನೆಯಲ್ಲಿ ಭತ್ತದ ಗದ್ದೆ, ಅಣ್ಣ ನೋಡಿಕೊಳ್ಳುತ್ತಿದ್ದರು. ಮನೆಮಾತು ಅರ್ಧ ತೆಲುಗು. ಇಂಥವರಿಗೆ ಈ ಸಂಗೀತದ ಹುಚ್ಚು ಹೇಗೆ ಹಿಡಿಯಿತೆಂದರೆ, ಹರೆಯದಲ್ಲಿ ಒಮ್ಮೆ ಹಂಪಿಗೆ ಹೋದಾಗ ಅಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟಿದ್ದ ವಿದೇಶಿಯೊಬ್ಬ ಊರಿಗೆ ಹೊರಡುವ ಮುಂಚೆ ಚೀಲದ ಭಾರ ಇಳಿಸಿಕೊಳ್ಳಲು ಕೈತುಂಬ ಕ್ಯಾಸೆಟ್ ಕೊಟ್ಟು, ಇವರ ಹೆಗಲ ಮೇಲಿನ ಕೆಂಪು ಟವೆಲ್ ಇಸಿದುಕೊಂಡು ಹೋದನಂತೆ. "ಆತಗ ಟವೆಲ್ ಸಿಕ್ತು, ನನಗ ಜೀವನ ಹಾಳಾತು" ಎಂದು ನಗುವರು. ಆಮೇಲೆ ರಜೆ ಸಿಕ್ಕಾಗಲೆಲ್ಲ ಕ್ಯಾಸೆಟ್ಟಿಗಾಗಿ ಹಂಪಿಗೆ ಹೋಗುವುದೇ ಕೆಲಸವಾಯಿತು. ದೇವಸ್ಥಾನ ನೋಡಲಿಕ್ಕೆ ಹೋಗುತ್ತಾರೆಂದು ಅವರ ತಾಯಿ ತಿಳಿದಿದ್ದರು.

ಮಧ್ಯೆ ಕರೆಂಟು ಹೋದರೆ ಟೇಪು ನಿಲ್ಲುತ್ತಿತ್ತು, ಸರ್ ಮಾತು ಶುರುವಾಗುತ್ತಿತ್ತು. ನಮಗೂ ಅದೇ ಬೇಕು. ಕರೆಂಟಿನ ಹಾದಿ ಕಾಯುತ್ತಾ ಅವರು ಹೇಳಿದ ಅಭಿಪ್ರಾಯಗಳು ನನಗೆ ಇವತ್ತಿಗೂ ಸಾರಿನ ಪುಡಿಯ ಅಳತೆಯ ಹಾಗೆ ನೆನಪಿವೆ. ಬ್ಯಾಂಡ್ ಎಂದರೆ ಒಬ್ಬನಲ್ಲ. "ಒಬ್ಬ ಚಲೋ ಬಾರಿಸ್ತಾನಂತ ಬ್ಯಾಂಡ್ ಆಗಂಗಿಲ್ರಿ. ನಾಕು ಮಂದಿ ಒಬ್ಬರಿಗೊಬ್ಬರು ಕಾಯಬೇಕು. ಕಾಯಾದು ಬಿಟ್ಟ ದಿವಸ ಬ್ಯಾಂಡ್ ಒಡೀತೈತಿ, ಆಮ್ಯಾಲೆ ಬರೇ ಹೆಸರು ಓಡಾಡ್ತೈತಿ." ಉದ್ದುದ್ದ ಗಿಟಾರ್ ಬಾರಿಸುವವರನ್ನು ಕಂಡರೆ ಅವರಿಗಾಗುತ್ತಿರಲಿಲ್ಲ, ಉಂಡು ಎಲೆ ಎತ್ತಿದ ಮೇಲೂ ಎದ್ದು ಹೋಗದ ಬೀಗರು ಎನ್ನುತ್ತಿದ್ದರು. ನುಣ್ಣಗೆ ಹಾಡುವವರನ್ನು ನಂಬುತ್ತಿರಲಿಲ್ಲ. ಹಾಡುವವನಿಗೆ ಎಲ್ಲೋ ಒಂದು ಕಡೆ ಉಸಿರು ಸಾಲದೆ ಬರಬೇಕು, ಮೇಲಿನ ದನಿ ಎಟುಕದೆ ಒಡೆಯಬೇಕು, ಆದರೂ ಅವನು ಬಿಡಬಾರದು. ಎಲ್ಲಕ್ಕಿಂತ ದೊಡ್ಡದು ಲೈವ್. ಜನರ ಮುಂದೆ ನಿಂತು, ಆ ಹೊತ್ತಿಗೆ ಏನು ಬರುತ್ತದೋ ಅದನ್ನು ಬಾರಿಸುವುದು. ಅವರ ಹತ್ತಿರ ಇದ್ದ ಕ್ಯಾಸೆಟ್ಟುಗಳಲ್ಲಿ ಮುಕ್ಕಾಲು ಪಾಲು ಹಾಗೆ ಜನರ ಮುಂದೆ ಹಾಡಿದವೇ. "ಸ್ಟುಡಿಯೋದಾಗ ಹಾಡಿದ್ದು ಡಬ್ಬ್ಯಾಗಿಟ್ಟ ರೊಟ್ಟಿ. ಲೈವ್ ಅಂದ್ರ ಹಂಚಿನ ಮ್ಯಾಲಿಂದು. ಕೈ ಸುಡತೈತಿ, ಸೀದಿರತೈತಿ, ಆದ್ರ ಅದು ರೊಟ್ಟಿ. ತಪ್ಪು ಬರಬೇಕ್ರಿ. ತಪ್ಪಿನಾಗ ಮನುಷ್ಯ ಇರ್ತಾನ."

ನನ್ನ ಪಕ್ಕದ ಮಷಿನ್ನಿನಲ್ಲಿ ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಕೂರುತ್ತಿದ್ದ. ನನಗಿಂತ ಒಂದೆರಡು ವರ್ಷ ಚಿಕ್ಕವನು, ಬಾಯಿ ಜೋರು. ಅವನು ತನ್ನ ಹಾಳೆ ಎತ್ತಿ ತೋರಿಸಿ, "ಸಾರ್, ನನ್ನ ತಪ್ಪಿನಾಗೂ ಮನುಷ್ಯ ಅದಾನ್ರಿ" ಎಂದ.

"ಅದಾನಲೇ. ಫೇಲ್ ಆಗೋ ಮನುಷ್ಯ" ಎಂದು ಸರ್ ಅವನ ಹಾಳೆಯ ತುಂಬ ಕೆಂಪು ಸುತ್ತು ಹಾಕಿ ಕೊಟ್ಟರು.

ನಮ್ಮ ಪರೀಕ್ಷೆಯ ಹಾಡು ಒಂದಿತ್ತು. ಸರಿಯಾಗಿ ಜೂನಿಯರ್ ವೇಗದ್ದು. ಯಾವುದೋ ದೂರದ ದೇಶದ ಬಯಲಿನಲ್ಲಿ ಸಾವಿರಾರು ಜನರ ಮುಂದೆ ಹಾಡಿದ್ದು. ಮುಗಿದ ಮೇಲೆ ಚಪ್ಪಾಳೆ, ಕೂಗು, ಸಿಳ್ಳೆ ಬಹಳ ಹೊತ್ತು ಕೇಳುತ್ತಿತ್ತು. ಆ ಚಪ್ಪಾಳೆಯನ್ನು ಸರ್ ಎಂದೂ ಓಡಿಸಿ ದಾಟಿಸುತ್ತಿರಲಿಲ್ಲ. ಪೂರ್ತಿ ಮುಗಿಯುವ ತನಕ ನಾವು ಬೆರಳು ಮಡಚಿ ಕೂರಬೇಕು. ಒಂದು ದಿನ ಟೇಪ್ ರೆಕಾರ್ಡರು ಆ ಕ್ಯಾಸೆಟ್ಟನ್ನು ಅಗಿದುಬಿಟ್ಟಿತು. ಸರ್ ಮೆಲ್ಲಗೆ ಟೇಪು ಬಿಡಿಸಿ, ಉಗುರಿನಿಂದ ಸುಕ್ಕು ತೀಡಿ, ಪೆನ್ಸಿಲ್ ಹಾಕಿ ತಿರುಗಿಸಿ ಮತ್ತೆ ಹಾಕಿದರು. ಹಾಡು ಉಳಿಯಿತು. ಆದರೆ ಮಧ್ಯದಲ್ಲಿ ಒಂದು ಕಡೆ, ಹಾಡುವವನು ಸುಮ್ಮನಾಗಿ ಬರೀ ಡ್ರಮ್ಮು ನಡೆಯುವ ಜಾಗದಲ್ಲಿ, ಕಾಲಿಗೆ ಕಲ್ಲು ತಗುಲಿದ ಹಾಗೆ ಡ್ರಮ್ಮು ಎಡವುತ್ತಿತ್ತು. ಒಂದು ಏಟು ನುಂಗಿ, ಮುಂದಿನದು ಅವಸರದಲ್ಲಿ ಬಂದು ಬೀಳುವುದು. ಅಲ್ಲಿ ನಮ್ಮೆಲ್ಲರ ಬೆರಳೂ ಒಟ್ಟಿಗೆ ಎಡವುತ್ತಿದ್ದವು. ತಿಂಗಳುಗಳು ಕಳೆದ ಮೇಲೆ ಎಡವು ಬರುವ ಮೊದಲೇ ಬೆರಳು ಅದಕ್ಕೆ ತಯಾರಾಗಿ ನಿಲ್ಲುತ್ತಿದ್ದವು. ನಮ್ಮ ಪಾಲಿಗೆ ಹಾಡೆಂದರೆ ಆ ಎಡವೂ ಸೇರಿಯೇ ಹಾಡು. ನಮ್ಮಲ್ಲಿ ಯಾರೂ ಅದನ್ನು ಬೇರೆ ಕಡೆ ಕೇಳಿದವರಲ್ಲ.

ಇಷ್ಟೆಲ್ಲ ಹೇಳುವ ಸರ್, ಒಂದು ಬ್ಯಾಂಡನ್ನೂ ಎದುರಿಗೆ ಕಂಡವರಲ್ಲ.

ಒಮ್ಮೆ ಪ್ರಯತ್ನಪಟ್ಟಿದ್ದರು. ಬೆಂಗಳೂರಿನಲ್ಲಿ ಯಾವುದೋ ಬ್ಯಾಂಡು ಬರುತ್ತದೆಂದು ಪೇಪರಿನಲ್ಲಿ ನೋಡಿ, ಇನ್‌ಸ್ಟಿಟ್ಯೂಟಿಗೆ ರಜೆ ಕೊಟ್ಟು ರೈಲು ಹತ್ತಿದ್ದರು. ಹೋಗುವ ಹೊತ್ತಿಗೆ ಮಳೆ ಹೊಯ್ದು ಕಾರ್ಯಕ್ರಮ ಮುಂದಕ್ಕೆ ಹಾಕಿದ್ದರಂತೆ, ಯಾವತ್ತಿಗೆ ಎಂದು ಯಾರೂ ಹೇಳಲಿಲ್ಲವಂತೆ. ತಿರುಗಿ ಬಂದವರನ್ನು ನಾವು ಸುತ್ತಿಕೊಂಡು ಕೇಳಿದರೆ, "ಸ್ಟೇಜ್ ನೋಡಿ ಬಂದೆ. ತಾಡಪಾಲು ಮುಚ್ಚಿದ್ರು" ಎಂದರು. ಸಿರುಗುಪ್ಪದಲ್ಲಿ ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ ಬಂದಾಗ ಅಲ್ಲಿಗೂ ಹೋಗಿದ್ದರು. ಸಿನಿಮಾ ಹಾಡಾದರೂ ಸರಿ, ಎದುರಿಗೆ ನಿಂತು ಹಾಡಿದರೆ ಸಾಕು ಎಂದು. ಹಾಡು ಅರ್ಧವಾಗುತ್ತಲೇ ಅವರಿಗೆ ಅನುಮಾನ ಬಂದು, ಎದ್ದು ಸ್ಟೇಜಿನ ಹಿಂದೆ ಹೋಗಿ ನೋಡಿದರೆ ಅಲ್ಲಿ ಟೇಪು ತಿರುಗುತ್ತಿತ್ತು, ಮುಂದೆ ಗಾಯಕ ತುಟಿ ಆಡಿಸುತ್ತಿದ್ದ. ಅಲ್ಲಿಂದಲೇ ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟರಂತೆ. ಆ ಸಿಟ್ಟು ಬಹಳ ದಿನ ಇಳಿಯಲಿಲ್ಲ. "ಕೆಟ್ಟದಾಗಿ ಹಾಡ್ಲಿ, ಕ್ಷಮಸ್ತೀನಿ. ತುಟಿ ಆಡಸಾದು ಸುಳ್ಳು ಸಾಕ್ಷಿ ಹೇಳಿದಂಗ" ಎನ್ನುತ್ತಿದ್ದರು.

ನಮ್ಮಮ್ಮ ಪಾರ್ವತಿನಗರದ ಹೆಂಗಸರ ಭಜನಾ ಮಂಡಳಿಗೆ ಹಿರಿಯಳು. ನಾನು ಸರ್ ಹತ್ತಿರ ಇಸಿದುಕೊಂಡು ತಂದ ಕ್ಯಾಸೆಟ್ಟೊಂದನ್ನು ಮನೆಯಲ್ಲಿ ಹಾಕಿದಾಗ ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು, "ಯಾರಿಗೇ ಹೊಟ್ಟೆನೋವು? ಒಂದೀಟು ಓಂಕಾಳು ಕೊಡಬಾರದೇನು ಆ ಮನುಷ್ಯಾಗ" ಎಂದಿದ್ದಳು. ಅದೇ ಸರ್ ಒಂದು ಏಕಾದಶಿಯ ಸಂಜೆ ಫೀಸಿನ ರಸೀದಿ ಕೊಡಲು ಬಂದವರು, ಒಳಗೆ ಭಜನೆ ನಡೆದಿದ್ದರಿಂದ ಹೊರಗಿನ ಕಟ್ಟೆಯ ಮೇಲೆ ಕೂತು, ಮಂಗಳಾರತಿಯ ತನಕ ಏಳಲೇ ಇಲ್ಲ. ಅಮ್ಮನಿಗೆ ಆಗಲೇ ಮೇಲಿನ ಸ್ಥಾಯಿ ಎಟುಕುತ್ತಿರಲಿಲ್ಲ, ದನಿ ಒಡೆಯುತ್ತಿತ್ತು. ಅದನ್ನು ಮುಚ್ಚಿಕೊಳ್ಳಲು ಉಳಿದವರು ತಾಳ ಜೋರು ಮಾಡುತ್ತಿದ್ದರು.

"ಅಮ್ಮಾರ, ನಿಮ್ಮ ದನಿ ಒಡೀತೈತಲ್ರಿ, ಅಲ್ಲೇ ಅದು ಹಾಡಾಗೋದು. ತಾಳದವರಿಗೆ ಮೆಲ್ಲಕ ಬಾರಸಾಕ ಹೇಳ್ರಿ. ನೀವು ಒಂದು ಬ್ಯಾಂಡು ಅದೀರಿ, ನಿಮಗ ಗೊತ್ತಿಲ್ಲ" ಎಂದರು ಸರ್.

ಅಮ್ಮ ನಾಚಿಕೊಂಡು ಪ್ರಸಾದ ಕೊಟ್ಟು ಕಳಿಸಿದಳು. ಆಮೇಲೆ ನನ್ನ ಹತ್ತಿರ, "ನಿಮ್ಮ ಸರ್‌ಗೆ ತಲಿ ಇಲ್ಲ. ಆದ್ರ ಕಿವಿ ಅದ" ಎಂದಳು.

ಆ ಮಾತು ಆಡಿದ್ದು ಯಾವ ಗಳಿಗೆಯಲ್ಲೋ…

ಟೈಪ್ ಮಷಿನ್ನಿನಲ್ಲಿ ಸಾಲು ಮುಗಿಯುವ ಮುಂಚೆ ಒಂದು ಪುಟ್ಟ ಗಂಟೆ ಹೊಡೆಯುತ್ತದೆ. ಅದನ್ನು ಕೇಳಿ ಸಾಲು ತಿರುಗಿಸಬೇಕು, ಕಣ್ಣೆತ್ತಿ ನೋಡಬಾರದು. "ಗಂಟಿ ಕೇಳ್ರಿ, ನೋಡಬ್ಯಾಡ್ರಿ" ಎಂಬುದು ಸರ್ ಅವರ ಮೊದಲ ಪಾಠ. ನಾನು ಸೀನಿಯರಿಗೆ ಬಂದಿದ್ದ ವರ್ಷ, ಒಂದು ಬೆಳಿಗ್ಗೆ ಅವರು ಕುರುಗೋಡಿನವನ ಬೆನ್ನ ಹಿಂದೆ ನಿಂತು, "ಈ ಮಷಿನ್ನಿನ ಗಂಟಿ ಯಾಕ ಹೊಡ್ಯಾಕತ್ತಿಲ್ಲ?" ಎಂದರು. ಅವನು ನಮ್ಮ ಮುಖ ನೋಡಿದ. ಗಂಟೆ ಹೊಡೆದಿತ್ತು. ಅಷ್ಟರಲ್ಲಿ ಸರ್ ಸ್ಕ್ರೂಡ್ರೈವರ್ ತಂದು, ಹಿಂದಿನ ತಗಡು ಬಿಚ್ಚಿ, ಗಂಟೆಗೆ ಎಣ್ಣೆ ಬಿಟ್ಟು, ಪೆನ್ಸಿಲಿನಿಂದ ತಟ್ಟಿದರು. ಕೋಣೆಯಲ್ಲಿದ್ದ ನಮಗೆಲ್ಲ ಕೇಳಿತು. ಅವರು ಮತ್ತೆ ತಟ್ಟಿದರು. ಕಿವಿ ಹತ್ತಿರ ತಂದು ಮತ್ತೊಮ್ಮೆ ತಟ್ಟಿದರು. ಎಲ್ಲರ ಬೆರಳೂ ನಿಂತಿದ್ದವು. ನಮ್ಮ ಮುಖಗಳನ್ನು ನೋಡಿ ಅವರಿಗೆ ತಿಳಿಯಿತು. ಗಂಟೆಯ ಮೇಲೆ ತೋರುಬೆರಳಿಟ್ಟು ತಟ್ಟಿ, ಅದು ನಡುಗುವುದನ್ನು ಮುಟ್ಟಿ ನೋಡಿ, ತಗಡು ಮುಚ್ಚಿದರು.

"ಆತು. ಬರೀರಿ" ಎಂದರು.

ನರದ ದೋಷವೆಂದರು ಡಾಕ್ಟರು. ಸಣ್ಣ ದನಿಗಳು ಮೊದಲು ಹೋಗುತ್ತವೆ, ದಪ್ಪ ದನಿಗಳು ಆಮೇಲೆ, ಕೊನೆಗೆ ಎಲ್ಲವೂ ಎಂದರಂತೆ. ಅವರ ಅಪ್ಪನಿಗೂ ಹಾಗೇ ಆಗಿತ್ತು. ಬೀದಿಯವರು ಮಾತ್ರ, ಆ ಗದ್ದಲ ಕೇಳಿ ಕೇಳಿ ಕಿವಿ ಹೋಯಿತು ಎಂದರು. ಕಿವಿಗೆ ಹಾಕುವ ಯಂತ್ರ ತಂದರು. ಹಾಡು ತಗಡಿನ ಡಬ್ಬಿಯಲ್ಲಿ ಕಲ್ಲು ಕುಲುಕಿದ ಹಾಗೆ ಕೇಳುತ್ತದೆಂದು ತೆಗೆದಿಟ್ಟರು. ಟೇಪಿನ ದನಿ ಏರುತ್ತಾ ಹೋಯಿತು. ಕೆಳಗಿನ ಗಿರಣಿಯವನು ಮೆಟ್ಟಿಲು ಹತ್ತಿ ಬಂದು, "ಏನ್ರೀ ಮಾಸ್ತರ, ನನ್ನ ಗಿರಣಿ ಚಾಲೂ ಐತೋ ಇಲ್ಲೋ ನನಗ ತಿಳೀವಲ್ದು" ಎಂದು ಜಗಳ ತೆಗೆದ. ಅವನ ತುಟಿ ನೋಡುತ್ತಾ ಸರ್ ಸುಮ್ಮನೆ ನಕ್ಕರು.

ಆ ದಿನಗಳಲ್ಲೇ ಕುರುಗೋಡಿನವನು ಒಂದು ಆರ್ಕೆಸ್ಟ್ರಾ ಸೇರಿ ಗಿಟಾರ್ ಬಾರಿಸತೊಡಗಿದ್ದ. ಹಗಲು ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ, ಮದುವೆಯ ದಿನಗಳಲ್ಲಿ ಗಿಟಾರ್. ಒಂದು ದಿನ ಬಂದು ಸರ್ ಎದುರಿಗೆ ನಿಂತು, ಅವರಿಗೆ ತುಟಿ ಕಾಣುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದ: "ಸಾರ್, ನಮ್ಮಕ್ಕನ ಮದಿವಿ ಐತಿ. ಆರ್ಕೆಸ್ಟ್ರಾ ನಮ್ಮದ. ನಮ್ಮ ಟೈಪಿಂಗ್ ಹಾಡು ನಿಮಗ ಲೈವ್ ಕೇಳಸ್ತೀನಿ."

ಸರ್ ಅವನ ಬೆನ್ನು ತಟ್ಟಿದರು. "ಲಗೂ ಮದಿವಿ ಮಾಡ್ರಲೇ. ನನ್ನ ಕಿವಿ ಮುಹೂರ್ತ ಕಾಯಂಗಿಲ್ಲ" ಎಂದರು. ಆಮೇಲೆ ಬೀರುವಿನಿಂದ ಆ ಕ್ಯಾಸೆಟ್ ತೆಗೆದು, ಅಂಗಿಯ ತುದಿಯಿಂದ ಒರೆಸಿ ಕೊಟ್ಟರು. "ಕೇಳಿ ಕಲಿ. ಅಲ್ಲಿ ಎಡವತೈತಲ್ಲ, ಅದನ್ನ ಕಲೀಬ್ಯಾಡ. ಅದು ಡ್ರಮ್ಮಿನಾತನ ತಪ್ಪಲ್ಲ, ನಮ್ಮ ಮಷಿನ್ನಿಂದು."

ಅವನು ಸುಳ್ಳು ಹೇಳುವವನಲ್ಲ. ತಿಂಗಳುಗಟ್ಟಲೆ ಕೂತು ಕಲಿತದ್ದು ನನಗೆ ಗೊತ್ತು. ಬೆರಳ ತುದಿಯೆಲ್ಲ ಒಡೆದು ಟೈಪ್ ಮಾಡಲಾಗದೆ ಕೂರುತ್ತಿದ್ದ. ಆರ್ಕೆಸ್ಟ್ರಾದ ಡ್ರಮ್ಮಿನವನು ಸಿರುಗುಪ್ಪದವನು, ಅವನಿಗೂ ಬಿಡದೆ ಕಲಿಸಿದ್ದ. ಸರ್ ಕೂಡ ಆ ದಿನಗಳಲ್ಲಿ ಬದಲಾಗಿದ್ದರು. ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುವರು. ಉಳಿದದ್ದನ್ನು ಕಾಪಾಡಿಕೊಳ್ಳುತ್ತಿದ್ದೇನೆ ಎನ್ನುವರು. ಬೇಸಿಗೆಯಲ್ಲಿ ಕೊಡದ ತಳದ ನೀರನ್ನು ಹಬ್ಬಕ್ಕೆಂದು ಮುಚ್ಚಿಡುವುದಿಲ್ಲವೇ, ಹಾಗೆ.

ಮದುವೆಗೆ ಅಮ್ಮ, ನಾನು, ಸರ್ ಬೆಳಗಿನ ಬಸ್ಸಿಗೆ ಕುರುಗೋಡಿಗೆ ಹೋದೆವು. ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಬಸ್ಸಿನಲ್ಲಿ ಕಿಟಕಿಯ ಕಡೆಯ ಕಿವಿಗೆ ಇನ್ನೊಂದು ಉಂಡೆ ಹತ್ತಿ ತುರುಕಿಕೊಂಡರು. ಮನೆಯ ಮುಂದೆ ಬೀದಿಗೆ ಅಡ್ಡಲಾಗಿ ಶಾಮಿಯಾನ, ಒಂದು ಕೊನೆಯಲ್ಲಿ ಊಟದ ಸಾಲು, ಇನ್ನೊಂದು ಕೊನೆಯಲ್ಲಿ ಹಲಗೆ ಜೋಡಿಸಿದ ಸ್ಟೇಜು. ಅಕ್ಕಿಕಾಳು ಬಿದ್ದು, ಮುಹೂರ್ತ ಮುಗಿದು, ಊಟ ಶುರುವಾಗಿತ್ತು. ಸರ್ ಕುರ್ಚಿಯೊಂದನ್ನು ಎಳೆದುಕೊಂಡು ಹೋಗಿ ಸ್ಟೇಜಿಗೆ ಒತ್ತಿಕೊಂಡು ಕೂತರು. ಕಿವಿಯ ಹತ್ತಿ ತೆಗೆದು ಜೇಬಿನಲ್ಲಿಟ್ಟುಕೊಂಡು, ಬಲ ಅಂಗೈಯನ್ನು ಹಲಗೆಯ ಮೇಲೆ ಊರಿದರು. ಕೇಳದ್ದನ್ನು ಕೈಯಿಂದ ತುಂಬಿಕೊಳ್ಳುವುದನ್ನು ಆಗಲೇ ರೂಢಿ ಮಾಡಿಕೊಂಡಿದ್ದರು. ನಾನು ಅವರ ಪಕ್ಕ ಕೂತೆ.

ತೆಲುಗು ಹಾಡು, ಕನ್ನಡ ಹಾಡು ಆದವು. ಡ್ರಮ್ಮಿನ ಹಿಂದೆ ಯಾರೋ ಹೊಸಬ ಕೂತಿದ್ದ, ತಾಳ ಹಾಕುವುದಕ್ಕಿಂತ ಜಾಸ್ತಿ ಅತ್ತಿತ್ತ ನೋಡುತ್ತಿದ್ದ. ಸಿರುಗುಪ್ಪದವನಿಗೆ ಬೇರೆ ಕಡೆ ದೊಡ್ಡ ಕಾರ್ಯಕ್ರಮ ಸಿಕ್ಕಿ ಅವತ್ತು ಕೈಕೊಟ್ಟಿದ್ದನೆಂದು ಆಮೇಲೆ ಬೇರೆಯವರಿಂದ ತಿಳಿಯಿತು. ಕುರುಗೋಡಿನವನ ಮುಖದಲ್ಲಿ ಬೆವರು. ಅವನು ಒಮ್ಮೆ ಸರ್ ಕಡೆ ನೋಡಿದ, ಒಮ್ಮೆ ಅವರ ಬಿಳಿ ಅಂಗಿ ನೋಡಿದ, ಪರದೆಯ ಹಿಂದೆ ಹೋಗಿ ಬಂದ. ಮೈಕಿನಲ್ಲಿ, "ಈ ಹಾಡು ನಮ್ಮ ಗುರುಗಳಿಗೆ" ಎಂದ.

ಹಾಡು ಶುರುವಾಯಿತು. ಅದೇ ಹಾಡು, ಎಷ್ಟು ಚೆನ್ನಾಗಿ ಬಾರಿಸುತ್ತಿದ್ದಾರೆ ಇವರು ಎಂದುಕೊಂಡೆ. ಸರ್ ಕಣ್ಣು ಮುಚ್ಚಿದ್ದರು. ಅಂಗೈ ಹಲಗೆಗೆ ಅಂಟಿಕೊಂಡಿತ್ತು. ಎದುರಿಗೆ ಒಂದು ಬ್ಯಾಂಡು; ನಾಲ್ಕು ಜನ ಒಬ್ಬರಿಗೊಬ್ಬರು ಕಾಯುತ್ತಾ… ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಹಾಡುವವನು ಸುಮ್ಮನಾದ. ಬರೀ ಡ್ರಮ್ಮು ನಡೆಯುವ ಜಾಗ ಬಂತು.

ಡ್ರಮ್ಮು ಎಡವಿತು.

ತೊಡೆಯ ಮೇಲಿದ್ದ ನನ್ನ ಬೆರಳು ಅದರ ಜೊತೆಗೇ ಎಡವಿದವು. ಸರ್ ಕಣ್ಣು ತೆರೆದರು. ಅವರು ಸ್ಟೇಜು ನೋಡಲಿಲ್ಲ, ನನ್ನ ಬೆರಳು ನೋಡಿದರು. ಹಲಗೆಯ ಮೇಲಿನ ಅಂಗೈ ಮೆಲ್ಲಗೆ ಮೇಲೆದ್ದು, ಎಲ್ಲಿಡಬೇಕೆಂದು ತಿಳಿಯದೆ ಒಂದು ಕ್ಷಣ ಗಾಳಿಯಲ್ಲಿ ನಿಂತು, ಮೊಣಕಾಲ ಮೇಲೆ ಬಂದು ಕೂತಿತು. ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಬೇಡವೆಂದು ತಲೆಯಾಡಿಸಿದರು.

ಹಾಡು ಮುಂದುವರಿಯಿತು; ಸ್ಟೇಜಿನ ಮೇಲೆ ಗಿಟಾರ್ ಹಿಡಿದ ಕುರುಗೋಡಿನವನು ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದ. ಆ ಎಡವು ತನ್ನನ್ನು ಹಿಡಿದುಕೊಡುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ. ಸರ್ ಎಚ್ಚರಿಸಿದ್ದು ಆ ಗಾಬರಿಯಲ್ಲಿ ನೆನಪಾಗಲಿಲ್ಲವೇನೋ, ಅವನ ಕಿವಿಗೂ ಹಾಡೆಂದರೆ ಅದೇ. ಮುಗಿಯುವಾಗ ಪರದೆಯ ಹಿಂದಿನವನು ಟೇಪು ನಿಲ್ಲಿಸುವುದು ತಡವಾಗಿ, ಆ ದೂರದ ದೇಶದ ಜನ ಕುರುಗೋಡಿನ ಶಾಮಿಯಾನದಲ್ಲಿ ಒಂದಿಷ್ಟು ಹೊತ್ತು ಚಪ್ಪಾಳೆ ತಟ್ಟಿದರು, ಸಿಳ್ಳೆ ಹೊಡೆದರು. ಊಟಕ್ಕೆ ಕೂತವರು ಕೈಯಲ್ಲಿ ತುತ್ತು ಹಿಡಿದು ಕತ್ತೆತ್ತಿ ನೋಡಿದರು. ಸಣ್ಣ ದನಿಗಳೆಲ್ಲ ಹೋಗಿದ್ದ ಸರ್‌ಗೆ ಆ ಚಪ್ಪಾಳೆ ಕೇಳಲಿಲ್ಲ. ಅದು ನಿಂತ ಮೇಲೆ, ಶಾಮಿಯಾನದಲ್ಲಿ ಎಲ್ಲರೂ ಮತ್ತೆ ಎಲೆಯ ಕಡೆ ತಿರುಗಿದ ಮೇಲೆ, ಅವರೊಬ್ಬರೇ ಕೈ ಎತ್ತಿ ಚಪ್ಪಾಳೆ ತಟ್ಟಿದರು.

ಅವನು ಓಡಿ ಬಂದು ಕಾಲಿಗೆ ಬಿದ್ದ. "ಹೆಂಗಿತ್ತ್ರೀ ಸಾರ್?" ಎಂದ. ಕಣ್ಣಲ್ಲಿ ಹೆದರಿಕೆ.

ಸರ್ ಅವನ ಭುಜ ಹಿಡಿದು ಎಬ್ಬಿಸಿದರು. "ಡ್ರಮ್ಮು ಚಲೋ ಬಾರಿಸಿದ್ರಲೇ" ಎಂದರು. "ಹೋಗು, ಬೀಗರಿಗೆ ನೀರು ಬಡಸ್ಹೋಗು."

ಅವನ ಮುಖದಲ್ಲಿ ಹೆದರಿಕೆ ಇಳಿದು ನಗು ಬಂದದ್ದನ್ನು ನಾನು ನೋಡಿದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಅಮ್ಮ, "ಆ ಒಂದು ಹಾಡು ಭಾಳ ಛಂದ ಹಾಡಿದ ನೋಡ್ರಿ ಹುಡುಗ" ಎಂದಳು. ಸರ್ ಅವಳ ತುಟಿ ನೋಡಿ, "ಹೌದ್ರಿ ಅಮ್ಮಾರ" ಎಂದರು. ಜೇಬಿನಲ್ಲಿದ್ದ ಹತ್ತಿಯನ್ನು ತೆಗೆದು ಕಿಟಕಿಯಿಂದ ಹೊರಗೆ ಬಿಟ್ಟರು. ಅದು ಇನ್ನು ಬೇಕಾಗಿರಲಿಲ್ಲ.

ಆಮೇಲೆ ಇನ್‌ಸ್ಟಿಟ್ಯೂಟಿನಲ್ಲಿ ಟೇಪು ಹಾಕುವುದನ್ನು ನಿಲ್ಲಿಸಿದರು. ಎಲ್ಲರ ಹಾಗೆ ಸ್ಕೇಲಿನಿಂದ ಮೇಜು ತಟ್ಟತೊಡಗಿದರು. ಕಂಪ್ಯೂಟರುಗಳು ಬಂದವು, ಕಲಿಯುವವರು ಕಡಿಮೆಯಾದರು. ಒಂದು ದಿನ ಮಷಿನ್ನುಗಳನ್ನೆಲ್ಲ ಗುಜರಿಯವನು ಟ್ರಾಲಿಯಲ್ಲಿ ಹೇರಿಕೊಂಡು ಹೋದ. ಹಳ್ಳ ಬಂದಲ್ಲೆಲ್ಲ ಗಂಟೆಗಳು ತಾವಾಗಿ ಹೊಡೆಯುತ್ತಿದ್ದವೆಂದು ಗಿರಣಿಯವನು ಹೇಳಿದ. ಸರ್ ಸಿರಿಗೇರಿಗೆ ಅಣ್ಣನ ಮನೆಗೆ ಹೋದರು.

ನನ್ನ ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ, ತೆಕ್ಕಲಕೋಟೆಯಲ್ಲಿ ನಮ್ಮೆಜಮಾನರ ಸಂಬಂಧಿಕರ ಮನೆಗೆ ಹೋಗಿದ್ದಾಗ, ಸ್ಕೂಟರಿನಲ್ಲಿ ಸಿರಿಗೇರಿಗೂ ಹೋಗಿ ಬಂದೆವು. ಸರ್ ಪಡಸಾಲೆಯಲ್ಲಿ ಮಂಚದ ಮೇಲೆ ಕೂತಿದ್ದರು. ಏನೂ ಕೇಳಿಸುತ್ತಿರಲಿಲ್ಲ, ಕಣ್ಣಿನ ಪೊರೆಯಿಂದ ತುಟಿಯೂ ಸರಿಯಾಗಿ ಕಾಣುತ್ತಿರಲಿಲ್ಲ. ಅವರ ಅತ್ತಿಗೆ ಗಟ್ಟಿಯಾಗಿ ಕೂಗಿ ಸೋತು, "ಗ್ವಾಡಿಗೆ ಹೇಳಿದಂಗ ಆಕ್ಕೈತವ್ವ" ಎಂದು ಚಹಾ ಮಾಡಲು ಒಳಗೆ ಹೋದರು. ನಾನು ಯಾರೆಂದು ತಿಳಿಸುವುದು ಹೇಗೆಂದು ತೋಚದೆ, ಅವರ ಅಂಗೈ ಊರಿದ್ದ ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ಆ ಹಾಡಿನ ತಾಳ ಬಡಿಯತೊಡಗಿದೆ. ಅವರ ಮುಖ ತಿರುಗಿತು. "ತಂಗೀ?" ಎಂದರು. ನಾನು ಬಡಿಯುತ್ತಲೇ ಇದ್ದೆ. ಆ ಜಾಗ ಬಂತು. ನನ್ನ ಬೆರಳು ಎಡವಿದವು.

"ಅಲ್ಲಿ ಎಡವಬಾರದವ್ವ" ಎಂದರು ಸರ್. ಅವರ ದನಿ ಅವರಿಗೇ ಕೇಳದ್ದರಿಂದ ಏರುಪೇರಾಗಿತ್ತು. "ಆ ಡ್ರಮ್ಮಿನಾತ ಎಡವಿಲ್ಲ. ಒಮ್ಮಿ… ಅದನ್ನ ಎಡವದಂಗ ಒಮ್ಮಿ ಎದುರಿಗೆ ಕೇಳಬೇಕಂತ ಇತ್ತು, ಅಷ್ಟ."

ನಾನು ಮತ್ತೆ ಮೊದಲಿನಿಂದ ಬಡಿದೆ. ಎಚ್ಚರವಾಗಿ, ಉಸಿರು ಬಿಗಿಹಿಡಿದು. ಮತ್ತೆ ಅಲ್ಲೇ ಎಡವಿತು. ಇನ್ನೊಮ್ಮೆ ಬಡಿದೆ… ಅವರು ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು ನಿಲ್ಲಿಸಿದರು. "ಅವಗ ಹೇಳಿಲ್ಲಲ್ಲ?" ಎಂದರು. ನಾನು ಅವರ ಕೈಯನ್ನು ಅದುಮಿದೆ, ಕುರುಗೋಡಿನವನಿಗೆ ಹೇಳಿಲ್ಲವೆಂದು. ಅವರಿಗೆ ಹೇಗೆ ಅರ್ಥವಾಯಿತೋ ಗೊತ್ತಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದು ಬಹಳ ದಿನವಾಗಿತ್ತು.

ಹೋದ ತಿಂಗಳು ಬಳ್ಳಾರಿಯಲ್ಲೇ ಒಂದು ಉಪನಯನದ ಮನೆಯಲ್ಲಿ ಕುರುಗೋಡಿನವನು ಸಿಕ್ಕ. ಈಗ ಅವನದೇ ಸೌಂಡ್ ಸಿಸ್ಟಮ್, ಡಿಜೆ, ಕೆಳಗೆ ಕೆಲಸದವರು. ತಲೆ ಪೂರ್ತಿ ನೆರೆತಿದೆ. ವೈರು ಸುತ್ತುತ್ತಿದ್ದ ತನ್ನ ಹುಡುಗರಿಗೆ ನನ್ನನ್ನು ತೋರಿಸಿ, "ಇವರು ನನ್ನ ಕೂಡ ಟೈಪಿಂಗ್ ಕಲ್ತವರು. ನಮ್ಮ ಸರ್‌ಗೆ ಕಿವಿ ಹೋಗೋ ಮುಂಚೆ ನಾವು ಲೈವ್ ಕೇಳಿಸಿದ್ವಿ. ಏನ್ ಡ್ರಮ್ಮು ಬಾರಿಸಿದ್ವಿ ಅವತ್ತು" ಎಂದ. ನಾಚಿಕೆಯಿಲ್ಲ, ಕಳ್ಳತನವಿಲ್ಲ. ಅವನ ಕಣ್ಣು ನೋಡಿದೆ. ಹೇಳಿ ಹೇಳಿ ಅವನಿಗೆ ಅದೇ ನಿಜವಾಗಿಬಿಟ್ಟಿತ್ತು.

"ಹೌದಿಲ್ಲಕ್ಕಾ? ನೀನೂ ಇದ್ದಿಯಲ್ಲ" ಎಂದ.

"ಹೌದಪ್ಪ, ಇದ್ದೆ" ಎಂದೆ.

ಮಗಳಿಗೆ ಹೇಳಿ ಆ ಹಾಡನ್ನು ಮೊಬೈಲಿನಲ್ಲಿ ಹುಡುಕಿಸಿದೆ. ಕ್ಷಣದಲ್ಲಿ ಸಿಕ್ಕಿತು. ಆ ಜಾಗದಲ್ಲಿ ಡ್ರಮ್ಮು ಎಡವದೆ, ನೀರಿನ ಹಾಗೆ ನಡೆದು ಹೋಯಿತು. ಯಾರೋ ಪರಿಚಯವಿಲ್ಲದವರ ಹಾಡು ಕೇಳಿದಂತಾಯಿತು. ಅರ್ಧಕ್ಕೇ ನಿಲ್ಲಿಸು ಎಂದೆ. ಇಷ್ಟು ಸುಲಭಕ್ಕೆ ಸಿಗುವಂಥದ್ದು ಅವರಿಗೆ ಒಮ್ಮೆಯೂ ಸಿಗಲಿಲ್ಲ. ಸಿಕ್ಕಿದ ನನಗೆ ಅದು ಬೇಕಾಗಿಲ್ಲ.

ಈಗ ಎಣ್ಣೆ ಬಿಟ್ಟಾಗಿದೆ. ಚಿಂದಿಯನ್ನು ಮಡಚಿ ಬಾಟಲಿಯ ಕೆಳಗಿಟ್ಟು, ಎಣ್ಣೆ ಹರಿಯಲೆಂದು ಬಟ್ಟೆ ಹಾಕದೆ ಸುಮ್ಮನೆ ಮಷಿನ್ನು ತುಳಿದೆ. ಕಾಲು ತಾನಾಗಿ ಆ ಹಾಡಿನ ನಡಿಗೆಗೆ ಬಿತ್ತು. ಸೂಜಿ ಬರಿಗಾಳಿಯಲ್ಲಿ ಏರುತ್ತಾ ಇಳಿಯುತ್ತಾ ಹೋಯಿತು. ಆ ಜಾಗ ಹತ್ತಿರ ಬಂತೆಂದು ಗೊತ್ತಾಗಿ ಕಾಲು ತಡೆಯಲು ನೋಡಿದೆ…

ಎಡವಿತು. ಚಕ್ರ ಹಿಂದಕ್ಕೆ ಅರ್ಧ ಸುತ್ತು ತಿರುಗಿ ನಿಂತಿತು. ಒಳಗಿನಿಂದ ಮಗಳು, "ಯಾಕಮ್ಮಾ, ಮಷಿನ್ನು ಕೆಟ್ಟಿತೇನು?" ಎಂದಳು. ಇಲ್ಲ ಎಂದು ಹೇಳಿ, ಅದಕ್ಕೆ ಹೊದಿಕೆ ಹೊದಿಸಿ ಎದ್ದೆ.